ಜಪಾನ್ ಗಾಡಿಗೆ ಗಂಜಲ

ಮೂರ್ತಪ್ಪನ ಗಾಡಿ ಕೆಟ್ಟಿದ್ದು ಗಂಜಲದಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲಿ ವೈರು ಕಡಿದದ್ದಲ್ಲ. ಫ್ಯಾಕ್ಟರಿಯವರು ಬೋಲ್ಟು ಸಡಿಲ ಬಿಟ್ಟದ್ದಲ್ಲ. ಯಾರ ಕಣ್ಣೂ ತಾಗಿದ್ದಲ್ಲ. ಹಸುವಿನ ಗಂಜಲ, ಅರ್ಧ ಬಿಂದಿಗೆ. ಊರಿನವರು ಈಗ ಬೇರೆ ಬೇರೆ ಕಥೆ ಹೇಳುತ್ತಾರೆ. ಹೇಳಲಿ. ಆ ಗಾಡಿಯ ಹೊಟ್ಟೆಯೊಳಗೆ ಏನಿದೆ ಎಂದು ಆ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ನನ್ನ ಹೆಸರು ಮೇಘಶ್ರೀ. ಊರು ಜವನಗೊಂಡನಹಳ್ಳಿಯಿಂದ ಒಳಕ್ಕೆ ನಾಲ್ಕು ಕಿಲೋಮೀಟರು. ಮನೆ ಎ.ಕೆ. ಕಾಲೋನಿಯಲ್ಲಿ. ಹಿರಿಯೂರಿನಲ್ಲಿ ಐಟಿಐ ಮಾಡಿದೆ, ಎಲೆಕ್ಟ್ರಿಷಿಯನ್. ಇಡೀ ಕ್ಲಾಸಿಗೆ ನಾವು ಇಬ್ಬರು ಹುಡುಗಿಯರು. ಪಾಸಾದ ಮೇಲೆ ತುಮಕೂರಿನ ಆಚೆ, ಜಪಾನ್ ಕಂಪನಿಯ ಕಾರು ಫ್ಯಾಕ್ಟರಿಗೆ ಹೋದೆ. ಪೆಟ್ರೋಲಿಗೂ ಕರೆಂಟಿಗೂ ಓಡುವ ಹೈಬ್ರಿಡ್ ಗಾಡಿ ಅಲ್ಲಿ ಆಗುತ್ತದೆ. ಈಗ ದುಡ್ಡಿದ್ದವರಿಗೆಲ್ಲ ಅದೇ ಬೇಕು. ತಿಂಗಳುಗಟ್ಟಲೆ ಕಾದು ಕೊಳ್ಳುತ್ತಾರೆ.

ಅಲ್ಲಿ ನಾನು ಎರಡು ವರ್ಷ ಹನ್ನೊಂದು ತಿಂಗಳು ಇದ್ದೆ. ಮೂರು ವರ್ಷ ತುಂಬಲು ಬಿಡುವುದಿಲ್ಲ. ತುಂಬಿದರೆ ಕಾಯಂ ಮಾಡಿ ಎಂದು ಕೇಳುತ್ತೇವಲ್ಲ, ಅದಕ್ಕೆ. ಒಂದು ಕೇಕು ಕತ್ತರಿಸಿ, ಒಂದು ಸ್ಟೀಲ್ ಬಾಟಲಿ ಕೈಗಿಟ್ಟು, ಫೋಟೊ ತೆಗೆದು, ಗೇಟು ತೋರಿಸುತ್ತಾರೆ. ಮಾರನೆಯ ದಿನ ಅದೇ ಜಾಗದಲ್ಲಿ ಇನ್ನೊಬ್ಬಳು ನಿಂತಿರುತ್ತಾಳೆ.

ನನ್ನ ಕೆಲಸ ಹಿಂದಿನ ಸೀಟಿನ ಕೆಳಗೆ ಬ್ಯಾಟರಿ ಕೂರಿಸುವುದು. ಮೇಲಿನಿಂದ ಮಿಷಿನ್ನಿನ ತೋಳು ಅದನ್ನು ಇಳಿಸುತ್ತದೆ. ಕೊನೆಯ ಗೇಣು ಮಾತ್ರ ನಮ್ಮ ಸೊಂಟದ ಕೆಲಸ. ಗಾಡಿಯ ಒಳಗೆ ಅರ್ಧ ಮೈ ತೂರಿಸಿ, ಕುತ್ತಿಗೆ ಓರೆ ಮಾಡಿ, ಗನ್ನು ಹಿಡಿದು ಬೋಲ್ಟು ಬಿಗಿಯಬೇಕು. ಬಿಗಿದ ಮೇಲೆ ಬೋಲ್ಟಿನ ತಲೆಗೆ ಬಣ್ಣದ ಗೀಟು ಎಳೆಯಬೇಕು, ಸಡಿಲವಾದರೆ ಅದು ಓರೆಯಾಗಿ ಗೊತ್ತಾಗುತ್ತದೆ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಸಿಕ್ಕಿಸಬೇಕು. ಅದರಲ್ಲಿ ಹರಿಯುವ ಕರೆಂಟು ಆನೆಯನ್ನೂ ಕೆಡವುತ್ತದೆ. ಎರಡೂವರೆ ನಿಮಿಷಕ್ಕೆ ಒಂದು ಗಾಡಿ. ಉಚ್ಚೆಗೆ ಹೋಗಬೇಕಾದರೆ ಕೈ ಎತ್ತಿ ಬದಲಿ ಬರುವವರೆಗೆ ತಡೆದುಕೊಳ್ಳಬೇಕು. ಮುಟ್ಟಿನ ದಿನವೂ ಅಷ್ಟೇ. ಬಳೆ ಹಾಕುವಂತಿಲ್ಲ, ಉಂಗುರ ಹಾಕುವಂತಿಲ್ಲ, ಗಾಡಿಗೆ ಗೀರು ಬೀಳುತ್ತದೆ. ನಮಗೆ ಬಿದ್ದರೆ ಪರವಾಗಿಲ್ಲ, ಡಬ್ಬಿಯಲ್ಲಿ ಬ್ಯಾಂಡೇಜ್ ಇದೆ.

ಪಕ್ಕದಲ್ಲಿ ನಿಲ್ಲುತ್ತಿದ್ದವಳು ಶ್ರೀರಾಂಪುರದ ಚಂದ್ರಕ್ಕ. ಗಂಡ ಬಿಟ್ಟವಳು, ಎರಡು ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಬಂದವಳು. ಬ್ಯಾಟರಿ ಬಿಸಿಯಾಗದಂತೆ ಗಾಳಿ ಹೋಗುವ ದಾರಿ ಒಂದಿದೆ. ಸೀಟಿನ ಪಕ್ಕದಲ್ಲಿ ಅಂಗೈಯಗಲದ ಜಾಲರಿ. ಅದನ್ನು ಕೂರಿಸುವುದು ಅವಳ ಕೆಲಸ. ಮೂರು ಕ್ಲಿಪ್ಪು. ಮೂರೂ ಟಕ್ ಟಕ್ ಟಕ್ ಎಂದು ಕೂತರೆ ಮಾತ್ರ ಕೈ ಬಿಡುತ್ತಿದ್ದಳು. "ಇದ್ರಾಗೆ ಯಾರ ಮಕ್ಳು ಕುಂತ್ಕಂತವೋ ಏನೋ ಕಣೇ. ಸರಿಯಾಗಿ ಹಾಕ್ಬೇಕು," ಎನ್ನುತ್ತಿದ್ದಳು. ನಾನು ಹೊರಬಿದ್ದಾಗ ಅವಳಿಗೆ ಇನ್ನೂ ಏಳು ತಿಂಗಳು ಬಾಕಿ ಇತ್ತು.

ಊರಿಗೆ ಬಂದು ಎರಡು ತಿಂಗಳಾಗಿತ್ತು. ಕೆಲಸ ಹುಡುಕುತ್ತಿದ್ದೆ. ಆಗ ಬಂತು ಮೂರ್ತಪ್ಪನ ಗಾಡಿ, ಅದೇ ಹೈಬ್ರಿಡ್.

ಮೂರ್ತಪ್ಪ ನಮ್ಮೂರಿನ ರಸ್ತೆ ಕಂಟ್ರಾಕ್ಟರು. ಕಂಟ್ರಾಕ್ಟರನ ಊರಿನ ರಸ್ತೆ ಹೇಗಿದೆ ಎಂದು ಮಾತ್ರ ಕೇಳಬೇಡಿ. ಮನೆಯಲ್ಲಿ ಹನ್ನೆರಡು ಹಸು. ಆ ಕೊಟ್ಟಿಗೆಯಲ್ಲಿ ನಮ್ಮವ್ವ ತಿಪ್ಪಮ್ಮನದು ಇಪ್ಪತ್ತೆರಡು ವರ್ಷದ ಕೆಲಸ. ಸಗಣಿ ಅವಳದು, ಹಾಲು ಅವನದು. ಕೊಟ್ಟಿಗೆಯ ತನಕ ಅವಳಿಗೆ ಪ್ರವೇಶ. ಹಿತ್ತಿಲ ಬಾಗಿಲಿನ ಹೊಸ್ತಿಲಿಗೆ ಅವಳ ಊರು ಮುಗಿಯುತ್ತದೆ. ಕಾಫಿ ಮೇಲಿನಿಂದ ಹೊಯ್ಯುತ್ತಾರೆ, ಲೋಟ ಇವಳೇ ತರಬೇಕು.

ಗಾಡಿ ಮೊದಲು ಹಾಲುರಾಮೇಶ್ವರಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಂತು. ಊರ ಗುಡಿಯ ಮುಂದೆ ನಿಂತಿತು. ಜನ ಸೇರಿದರು. ನಾವು ಕಾಲೋನಿಯವರು ಬೇವಿನ ಮರದ ಆಚೆ ನಿಂತೆವು. ಅಲ್ಲೇ ನಿಲ್ಲಬೇಕು. ಯಾರೂ ಹೇಳುವುದಿಲ್ಲ, ಕಾಲುಗಳೇ ನಿಲ್ಲುತ್ತವೆ.

ಮೂರ್ತಪ್ಪ ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡು ಭಾಷಣ ಶುರು ಮಾಡಿದ.

"ಇದು ಇಲ್ಲಿದ್ದಲ್ಲ ಕಣ್ರಲೇ. ಜಪಾನ್! ಆ ಜನ ಕೆಲ್ಸಕ್ಕೆ ನಿಂತ್ರೆ ದೇವ್ರ ಪೂಜೆ ಮಾಡ್ದಂಗೆ. ನಮ್ಮೋರ ಕೈಯಾಗೆ ಇಂಥದ್ದು ಆಗುತ್ತಾ? ನಮ್ಮೋರಿಗೆ ಸೈಕಲ್ಲಿಗೆ ಪಂಚರ್ ಹಾಕೋಕೂ ಬರಲ್ಲ."

ನನಗೆ ತಡೆಯಲಾಗಲಿಲ್ಲ. ಮರ ದಾಟಿ ಮುಂದೆ ಬಂದೆ.

"ಇಲ್ಲ ಗೌಡ್ರೆ. ಇದು ಆಗೋದು ತುಮಕೂರಿನ ಆಚೆ. ನಾನು ಅಲ್ಲೇ ಇದ್ದೆ. ಹಿಂದ್ಲ ಸೀಟಿನ ಕೆಳಗೆ ಬ್ಯಾಟರಿ ಕೂರ್ಸೋದು ನಮ್ಮ ಲೈನೇ. ಬಾಗ್ಲು ತೆಗ್ದು ನೋಡ್ರಿ, ಪಕ್ಕದ ಕಂಬದ ಮ್ಯಾಲೆ ಚೀಟಿ ಐತೆ."

ಅವನ ಡ್ರೈವರ್ ಪ್ರದೀಪ್ ಬಾಗಿಲು ತೆಗೆದ. ಅವರದೇ ಜಾತಿಯ ಹುಡುಗ, ಒಳ್ಳೆಯವನು, ಸ್ವಲ್ಪ ಪೆದ್ದ. ಜೋರಾಗಿ ಓದಿಬಿಟ್ಟ. "ಹೌದು ಗೌಡ್ರೆ. ಮೇಡ್ ಇನ್ ಇಂಡಿಯಾ ಅಂತ ಐತೆ. ಫೆಬ್ರವರಿ ತಿಂಗ್ಳು."

ಫೆಬ್ರವರಿಯಲ್ಲಿ ನಾನು ಲೈನಿನಲ್ಲಿದ್ದೆ. ಚಂದ್ರಕ್ಕನೂ ಇದ್ದಳು. ಈ ಗಾಡಿ ನಮ್ಮ ಷಿಫ್ಟಿನದೋ ಇನ್ನೊಂದು ಷಿಫ್ಟಿನದೋ ದೇವರಿಗೇ ಗೊತ್ತು. ಆದರೂ ನನಗೆ ಎದೆ ಉಬ್ಬಿತು. ಹೌದು, ಉಬ್ಬಿತು. ಯಾಕೆ ಉಬ್ಬಬಾರದು?

ಜನ ಮುಸಿಮುಸಿ ನಕ್ಕರು. ಮೂರ್ತಪ್ಪನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕೊನೆಗೆ ನನ್ನ ಕೈ ನೋಡಿದ.

"ಏನೇ, ಕೈಗೆ ಗ್ಲೌಸ್ ಹಾಕ್ಕಂಡಿದ್ದೆ ತಾನೆ?"

"ಹಾಕ್ಕಂಡಿದ್ದೆ."

"ಹಂಗಾರೆ ಸರಿ ಬಿಡು," ಎಂದ. ಎಲ್ಲರೂ ಜೋರಾಗಿ ನಕ್ಕರು.

ಥೂ. ಆವತ್ತು ನಾನು ಏನೂ ಹೇಳದೆ ಹಿಂದೆ ಬಂದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಗಾಡಿ ಎಲ್ಲಿ ಆಗಿದ್ದರೆ ಏನಂತೆ, ಓಡಿದರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ಜಪಾನಿನವನ ಜಾತಿ ಯಾವುದು ಎಂದು ಮೂರ್ತಪ್ಪ ಕೇಳುವುದಿಲ್ಲ. ಅವನು ಏನು ತಿನ್ನುತ್ತಾನೆ, ಕೈ ಎಲ್ಲಿ ತೊಳೆಯುತ್ತಾನೆ, ಯಾವುದೂ ಬೇಡ. ಸಮುದ್ರದಾಚೆಯ ಕೈಯೆಲ್ಲ ಇವನಿಗೆ ಮಡಿ. ನಾಲ್ಕು ಹೆಜ್ಜೆ ಆಚೆಯ ಕಾಲೋನಿಯ ಕೈ ಮೈಲಿಗೆ. ಜಪಾನ್ ಎಂದರೆ ಅವನು ನೆಮ್ಮದಿಯಾಗಿ ಕೂರುತ್ತಾನೆ. ತುಮಕೂರು ಎಂದರೆ ಅವನ ಕುಂಡೆಯ ಕೆಳಗೆ ನಮ್ಮ ಕೈ ಬರುತ್ತದೆ. ಅಷ್ಟೇ ಅವನ ಕಷ್ಟ.

ಹದಿನೈದು ದಿನಕ್ಕೆ ನಮ್ಮವ್ವನ ಕೈ ಮೇವು ಕತ್ತರಿಸುವ ಮಿಷಿನ್ನಿಗೆ ಸಿಕ್ಕಿತು.

ಆ ಮಿಷಿನ್ನಿಗೆ ಮುಚ್ಚಳ ಇರಲಿಲ್ಲ. ಎರಡು ವರ್ಷದ ಹಿಂದೆ ಕಿತ್ತುಹೋಗಿತ್ತು. ಗೌಡ್ರೆ, ಮುಚ್ಚಳ ಹಾಕಿಸಿ ಎಂದು ನಮ್ಮವ್ವ ನೂರು ಸಲ ಹೇಳಿದ್ದಳು. ಬೆಳಗ್ಗೆ ಒಂಬತ್ತು ಗಂಟೆ. ಜೋಳದ ದಂಟು ತಳ್ಳುವಾಗ ಬಲಗೈ ಒಳಗೆ ಹೋಯಿತು. ನಾನು ಓಡಿಹೋದಾಗ ಅವಳು ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದಳು. ಕಿರುಚುತ್ತಿರಲಿಲ್ಲ. ಸೆರಗಿನಲ್ಲಿ ಕೈ ಸುತ್ತಿಕೊಂಡು, "ಬೆಳ್ಳು ಹುಡುಕೇ ಮೇಘಾ, ದನ ತುಳೀತವೆ," ಎಂದಳು. ಮೇವಿನ ರಾಶಿಯಲ್ಲಿ ಕೈಯಾಡಿಸಿ ಹುಡುಕಿದೆ. ಒಂದು ಬೆರಳು ಸಿಕ್ಕಿತು. ಇನ್ನೊಂದು ಸಿಗಲಿಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿದೆವು. ಮುಕ್ಕಾಲು ಗಂಟೆ ಎಂದರು. ಮೂರ್ತಪ್ಪ ಬೊಲೆರೊ ತೆಗೆದುಕೊಂಡು ಹೊಸದುರ್ಗದ ಕಡೆ ಬೀಗರೂಟಕ್ಕೆ ಹೋಗಿದ್ದ. ಹೊಸ ಗಾಡಿ ಶೆಡ್ಡಿನಲ್ಲಿತ್ತು. ಪ್ರದೀಪ್ ಅದನ್ನು ನೋಡಿದ. ನಮ್ಮವ್ವನನ್ನು ನೋಡಿದ. ಕೀ ತಂದ.

"ಹತ್ರಿ, ಹೋಗಾಣ," ಎಂದ.

ನಮ್ಮವ್ವ ಬಾಗಿಲ ಹತ್ತಿರ ನಿಂತುಬಿಟ್ಟಳು. ಬೆರಳು ಹೋದವಳು, ರಕ್ತ ಸುರಿಯುತ್ತಿರುವವಳು, ಚಪ್ಪಲಿ ಬಿಡುತ್ತಿದ್ದಾಳೆ! ನಾನು ಬೈದು ಒಳಗೆ ತಳ್ಳಿದೆ. ಹಿಂದಿನ ಸೀಟಿನಲ್ಲಿ ಕೂರಿಸಿ ತೊಡೆಯ ಮೇಲೆ ಅವಳ ಕೈ ಹಿಡಿದುಕೊಂಡೆ. ಹಿರಿಯೂರಿನ ಆಸ್ಪತ್ರೆ ಮುಟ್ಟುವತನಕ ಅವಳು ಹೇಳಿದ್ದು ಒಂದೇ ಮಾತು: "ಸೀಟಿಗೆ ರಕ್ತ ತಾಗ್ತೈತೆ ಕಣೇ." ಅಷ್ಟು ವರ್ಷ ಆ ಮನೆಯವರು ಅವಳ ತಲೆಯೊಳಗೆ ತುಂಬಿದ್ದು ಇದನ್ನೇ. ಬೆರಳು ಹೋದರೂ ಅದು ಹೋಗಿರಲಿಲ್ಲ.

ಎರಡು ಬೆರಳೂ ಉಳಿಯಲಿಲ್ಲ. ಈ ಕೈ ಇನ್ನು ಪೊರಕೆ ಹಿಡಿಯುವುದೂ ಕಷ್ಟ ಎಂದರು ಡಾಕ್ಟರು. ಮನೆಯಲ್ಲಿ ದುಡಿಯುವ ಕೈ ಇನ್ನು ನನ್ನದೇ. ಕೆಲಸ ನನಗೆ ಆವತ್ತಿನವರೆಗೆ ಬೇಕಾಗಿತ್ತು. ಆವತ್ತಿನಿಂದ ಸಿಗಲೇಬೇಕಾಗಿತ್ತು.

ಮೂರ್ತಪ್ಪ ಸಂಜೆ ಬಂದ. ಶೆಡ್ಡಿಗೆ ಹೋಗಿ ಗಾಡಿಯ ಬಾಗಿಲು ತೆಗೆದ. ಸೀಟಿನ ಮೇಲೆ ಕಲೆ. ತಿಪ್ಪಮ್ಮ ಹೇಗಿದ್ದಾಳೆ ಎಂದು ಕೇಳಲಿಲ್ಲ. "ಯಾರ್ಲೇ ಇಲ್ಲಿ ಕುಂತಿದ್ದು?" ಎಂದು ಕೇಳಿದ. ಪ್ರದೀಪ್ ಹೇಳಿದ. ಆ ಕ್ಷಣವೇ ಅವನ ಕೈಯಿಂದ ಕೀ ಕಿತ್ತುಕೊಂಡು ಮನೆಗೆ ಕಳಿಸಿದ. ಅವರದೇ ಜಾತಿ, ಅದಕ್ಕೆ ಏಟು ತಪ್ಪಿತು.

ಶುಕ್ರವಾರ ಶುದ್ಧಿ. ನಾನು ನಮ್ಮವ್ವನ ಔಷಧಿ ತೆಗೆದುಕೊಂಡು ಬರುತ್ತಿದ್ದೆ. ಗುಡಿಯ ಮುಂದೆ ಗಾಡಿ, ನಾಲ್ಕೂ ಬಾಗಿಲು ತೆರೆದಿತ್ತು. ಪೂಜಾರಿ ಮಾವಿನ ಎಲೆಯನ್ನು ಬಿಂದಿಗೆಯ ಗಂಜಲಕ್ಕೆ ಅದ್ದಿ ಅದ್ದಿ ಚಿಮುಕಿಸುತ್ತಿದ್ದ. ಚಿಮುಕಿಸಿದ್ದರೆ ಏನೂ ಆಗುತ್ತಿರಲಿಲ್ಲ. ಮೂರ್ತಪ್ಪನಿಗೆ ಅಷ್ಟು ಸಾಲದು.

"ಏನಯ್ಯ, ಮದುವೆ ಮನೆ ಪನ್ನೀರು ಹಾಕ್ದಂಗೆ ಹಾಕ್ತೀಯ? ಒಳಗೆ ಇಳೀಬೇಕು. ಆ ಯಮ್ಮ ಒಂದ್ ಗಂಟೆ ಕುಂತಿದ್ಲು," ಎಂದು ಬಿಂದಿಗೆಯನ್ನೇ ಕಿತ್ತುಕೊಂಡ.

ಒಂದು ಮಾತು ಹೇಳಬೇಕು. ಆ ಬಿಂದಿಗೆಯ ಗಂಜಲ ಎಲ್ಲಿಂದ ಬಂತು? ಕೊಟ್ಟಿಗೆಯಿಂದ. ಕೊಟ್ಟಿಗೆಯ ಕಾಲುವೆಯಿಂದ ದಿನಾ ಬೆಳಗ್ಗೆ ಅದನ್ನು ಬಳಿದು ಡ್ರಮ್ಮಿಗೆ ತುಂಬುತ್ತಿದ್ದವಳು ನಮ್ಮವ್ವ. ಆ ಡ್ರಮ್ಮಿನಲ್ಲಿದ್ದದ್ದು ಅವಳೇ ಬಳಿದದ್ದು. ಅವಳ ಕೈ ಮುಟ್ಟಿದ ಗಂಜಲ ಶುದ್ಧ. ಅವಳು ಕೂತ ಸೀಟು ಮೈಲಿಗೆ. ಈ ಲೆಕ್ಕ ಯಾವ ಶಾಸ್ತ್ರದಲ್ಲಿದೆಯೋ, ಆ ಶಾಸ್ತ್ರ ಬರೆದವನನ್ನು ಒಂದು ದಿನ ಕೊಟ್ಟಿಗೆಯಲ್ಲಿ ಕಟ್ಟಬೇಕು.

ನಾನು ಸುಮ್ಮನೆ ಹೋಗಬಹುದಿತ್ತು. ಹಾಳಾಗಲಿ ಎಂದುಕೊಳ್ಳಬಹುದಿತ್ತು. ಆದರೆ ಎರಡು ವರ್ಷ ಹನ್ನೊಂದು ತಿಂಗಳು ಆ ಜಾಲರಿಯ ಪಕ್ಕ ಕೆಲಸ ಮಾಡಿದ ಮೈ ಇದು. ಅದರೊಳಗೆ ಗಂಜಲದ ಉಪ್ಪು ನೀರು ಹೋಗುವುದನ್ನು ನೋಡಲಾಗಲಿಲ್ಲ. ಕೂಗಿದೆ.

"ಗೌಡ್ರೆ! ಸೀಟ್ ಪಕ್ಕದ ಜಾಲ್ರಿಗೆ ಹೊಯ್ಬೇಡ್ರಿ! ಅದು ಬ್ಯಾಟರಿಗೆ ಹೋಗೋ ದಾರಿ! ಗಾಡಿ ಕೆಡುತ್ತೆ!"

ಅವನು ತಿರುಗಿ ನೋಡಿದ. "ಏಯ್, ದೂರ ನಿಂತ್ಕ. ನೆರಳು ಬೀಳ್ತೈತೆ. ಜಪಾನಿನೋರು ಮಾಡಿದ್ ಗಾಡಿಗೆ ನೀನು ಬುದ್ಧಿ ಹೇಳ್ತೀಯಾ?"

ಮತ್ತೆ ಜಪಾನ್! ಚೀಟಿ ಓದಿದ್ದು, ಊರೆಲ್ಲ ಕೇಳಿದ್ದು, ಎಲ್ಲ ಮರೆತುಹೋಗಿತ್ತು. ಬೇಕಾದಾಗ ಮರೆಯುವುದಕ್ಕೂ ಯೋಗ್ಯತೆ ಬೇಕು. ನನ್ನ ಕಣ್ಣ ಮುಂದೆಯೇ ಅರ್ಧ ಬಿಂದಿಗೆ ಗಂಜಲ, ಅರಿಶಿನ ಕಲಸಿದ್ದು, ಸೀಟಿಗೆ ಹೊಯ್ದ. ಅದು ಸೀಟಿನ ಬದಿಯಿಂದ ಹರಿದು ಜಾಲರಿಯೊಳಗೆ ಇಳಿಯಿತು. ಮಂಗಳಾರತಿ ಆಯಿತು.

ಮೂರನೆಯ ದಿನ ಹೊಸದುರ್ಗದ ರಸ್ತೆಯಲ್ಲಿ ಗಾಡಿ ನಿಂತಿತು. ಮುಂದಿನ ಪರದೆಯ ಮೇಲೆ ಕೆಂಪು ದೀಪ. ಮೂರ್ತಪ್ಪ, ಅವನ ಹೆಂಡತಿ, ರೇಷ್ಮೆ ಸೀರೆ ಉಟ್ಟ ಇಬ್ಬರು ನಾದಿನಿಯರು ಬಿಸಿಲಲ್ಲಿ ನಿಂತು, ಈರುಳ್ಳಿ ತುಂಬಿದ ಲಗೇಜ್ ಆಟೊಗೆ ಕೈ ಮಾಡಿ, ಚೀಲದ ಮೇಲೆ ಕೂತು ಬಂದರಂತೆ. ಕಾಲೋನಿಯಲ್ಲಿ ಆವತ್ತು ಎಲ್ಲರೂ ನಕ್ಕರು. ನಮ್ಮವ್ವ ನಗಲಿಲ್ಲ. ಕೈ ನೋಯುತ್ತಿತ್ತು.

ಗಾಡಿಯನ್ನು ಚಿತ್ರದುರ್ಗದ ಷೋರೂಮಿಗೆ ಎಳೆದುಕೊಂಡು ಹೋದರು. ಷೋರೂಮು ಮೂರ್ತಪ್ಪನ ಭಾವಮೈದನದು. ಬ್ಯಾಟರಿ ಪೂರ್ತಿ ಹೋಗಿದೆ ಎಂದರು. ನೀರು ಬಿದ್ದು ಹಾಳಾದರೆ ವಾರಂಟಿ ಇಲ್ಲ, ಹೊಸದು ಹಾಕಿಸಬೇಕು ಎಂದರು. ಬೆಲೆ ಕೇಳಿ ಮೂರ್ತಪ್ಪ ಅಲ್ಲೇ ಕುಂತುಬಿಟ್ಟನಂತೆ. ಆಗ ಅವನಿಗೆ ನಾನು ನೆನಪಾದೆ.

ಕಾಲೋನಿಯ ಬಾಯಿಗೆ ಬಂದು ನಿಂತ. ಒಳಗೆ ಬರಲಿಲ್ಲ. ಹೇಳಿ ಕಳಿಸಿದ. ಹೋದೆ.

"ಏನವ್ವ ಮೇಘಶ್ರೀ, ಕೆಲ್ಸ ಸಿಕ್ತಾ?" ಎಂದ. ಅವನ ಬಾಯಿಂದ ನನ್ನ ಹೆಸರು ಬಂದದ್ದು ಅದೇ ಮೊದಲು.

"ಇಲ್ಲ."

"ನಮ್ಮ ಭಾವಮೈದನ ಷೋರೂಮಿನಾಗೆ ಕೆಲ್ಸ ಐತೆ. ಸರ್ವೀಸ್ ಸೆಕ್ಷನ್ನು. ನಿನ್ ಥರದೋರೇ ಬೇಕಂತೆ, ಫ್ಯಾಕ್ಟ್ರೀಲಿ ಇದ್ದೋರು. ನಾಳೆಯಿಂದ್ಲೇ ಬಾ ಅಂತಾವ್ನೆ. ನೀನು ಒಂದು ಸಣ್ಣ ಕೆಲ್ಸ ಮಾಡು. ನಾಳೆ ಬೆಂಗಳೂರಿಂದ ಕಂಪ್ನಿಯೋನು ಗಾಡಿ ನೋಡೋಕೆ ಬರ್ತಾನೆ. ಅವ್ನ ಮುಂದೆ ಬರ್ಕೊಡು. ನೀನು ಅಲ್ಲಿ ಲೈನಿನಾಗೆ ಇದ್ದೆ, ಫೆಬ್ರವರೀಲಿ ಆ ಜಾಲ್ರಿ ಮುಚ್ಚಳ ಯಾರೂ ಸರಿಯಾಗಿ ಹಾಕ್ತಿರ್ಲಿಲ್ಲ, ಅದಕ್ಕೇ ಗಾಡಿ ತೊಳ್ದಾಗ ನೀರು ಹೋಗೈತೆ, ಅಂತ. ಕಾಂಟ್ರಾಕ್ಟ್ ಲೇಬರ್ ತಾನೆ, ಕೂಲಿ ಜನ, ಬೇಕಾಬಿಟ್ಟಿ ಮಾಡಿರ್ತಾರೆ. ಇಲ್ಲೇ ತುಮಕೂರತ್ರ ಮಾಡಿದ್ ಗಾಡಿ, ಇನ್ನೇನಾಗುತ್ತೆ?"

ಕೇಳಿದಿರಾ? ಓಡುವಾಗ ಅದು ಜಪಾನಿನ ಗಾಡಿ. ನಿಂತ ಮೇಲೆ ತುಮಕೂರಿನದು. ಹೊಳೆಯುವಾಗ ಆ ಜನರ ಪೂಜೆ. ಕೆಟ್ಟರೆ ನಮ್ಮ ಕೈ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲಕ್ಕೆ ಗಂಜಲ ಹೊಯ್ದು, ಜಾರಿ ಬಿದ್ದು, ನೆಲ ಸಾರಿಸಿದವಳನ್ನು ಬೈಯುತ್ತಿದ್ದಾನೆ.

ಮನೆಗೆ ಬಂದು ನಮ್ಮವ್ವನಿಗೆ ಹೇಳಿದೆ. ಅವಳು ಎಡಗೈಯಲ್ಲಿ ಮುದ್ದೆ ಮುರಿಯಲು ಕಲಿಯುತ್ತಿದ್ದಳು.

"ಬರ್ಕೊಟ್ರೆ ಏನಾಗುತ್ತೆ?" ಎಂದಳು.

"ನಂಗೆ ಕೆಲ್ಸ ಆಗುತ್ತೆ. ಚಂದ್ರಕ್ಕಂದು ಹೋಗುತ್ತೆ. ಗಾಡಿ ನಂಬರ್ ಹಾಕಿದ್ರೆ ಆವತ್ತು ಯಾರು ನಿಂತಿದ್ರು ಅಂತ ಕಂಪ್ಯೂಟರಿನಾಗೆ ಬರುತ್ತೆ. ಅವ್ಳಲ್ದಿದ್ರೆ ಅವ್ಳಂಥ ಇನ್ನೊಬ್ಳು."

"ಅವ್ಳು ಸರಿಯಾಗಿ ಹಾಕ್ತಿದ್ಲಾ?"

"ನಂಗಿಂತ ಚೆನ್ನಾಗಿ ಹಾಕ್ತಿದ್ಲವ್ವ."

ನಮ್ಮವ್ವ ಮುದ್ದೆಯ ತುತ್ತನ್ನು ಎಡಗೈಯಲ್ಲೇ ಸಾರಿಗೆ ಅದ್ದಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಬರೆದುಕೊಡು ಎಂದಿದ್ದರೆ ಬರೆದುಕೊಡುತ್ತಿದ್ದೆನೇನೋ. ಸುಳ್ಳು ಹೇಳುವುದಿಲ್ಲ, ಆ ರಾತ್ರಿ ನನಗೆ ಆ ಕೆಲಸದ ಆಸೆ ಬಹಳ ಇತ್ತು. ಚಿತ್ರದುರ್ಗದಲ್ಲಿ ಒಂದು ರೂಮು ಮಾಡಿ, ಅವಳನ್ನು ಆ ಕೊಟ್ಟಿಗೆಯ ಕಣ್ಣಿಗೆ ಕಾಣದ ಹಾಗೆ ಇಟ್ಟುಕೊಳ್ಳಬಹುದಿತ್ತು.

"ಬಸ್ಸಿಗೆ ಹೋಗು," ಎಂದಳು ನಮ್ಮವ್ವ. "ಏನ್ ಬೇಕಾರೂ ಹೇಳು, ನಿನ್ನಿಷ್ಟ. ಅವ್ನ ಗಾಡಿ ಮಾತ್ರ ಹತ್ತಬ್ಯಾಡ."

ಬಸ್ಸಿಗೆ ಹೋದೆ. ಷೋರೂಮು ಹೈವೇ ಪಕ್ಕದಲ್ಲಿ, ಎಲ್ಲ ಗಾಜು. ಹಿಂದೆ ಸರ್ವೀಸಿನ ಶೆಡ್ಡು. ಮೂರ್ತಪ್ಪ, ಅವನ ಭಾವಮೈದ, ಬೆಂಗಳೂರಿನಿಂದ ಬಂದ ಕಂಪನಿಯ ಇನ್ಸ್‌ಪೆಕ್ಟರು ಕುರ್ಚಿಗಳಲ್ಲಿ ಕೂತಿದ್ದರು. ಇನ್ಸ್‌ಪೆಕ್ಟರ್ ತೆಳ್ಳಗಿನ ಮನುಷ್ಯ, ಮಡಿಲಲ್ಲಿ ಲ್ಯಾಪ್‌ಟಾಪು. ನನಗೆ ಕುರ್ಚಿ ಇರಲಿಲ್ಲ. ಹನುಮೇಶ್ ಎಂಬ ಮೆಕ್ಯಾನಿಕ್ ಹಿಂದಿನ ಸೀಟು ಬಿಚ್ಚಿ ಇಟ್ಟಿದ್ದ. ಹತ್ತಿರ ಹೋಗುತ್ತಲೇ ವಾಸನೆ ಮೂಗಿಗೆ ಹೊಡೆಯಿತು. ಇಪ್ಪತ್ತೆರಡು ವರ್ಷ ನಮ್ಮವ್ವನ ಸೀರೆಯಲ್ಲಿ ಇದ್ದ ವಾಸನೆ ಅದು.

ಬಗ್ಗಿ ನೋಡಿದೆ. ಕೇಬಲ್ಲಿನ ಬಾಯಿಗೆ ಹಸಿರು ಕಿಲುಬು ಹಿಡಿದಿತ್ತು. ಅರಿಶಿನದ ಗಸಿ ಕೂತಿತ್ತು. ಒಂದು ಮಾವಿನ ಎಲೆಯ ತುಣುಕೂ ಇತ್ತು. ಬೋಲ್ಟಿನ ಮೇಲೆ ಗೀಟು ನೆಟ್ಟಗೆ ಇತ್ತು. ಜಾಲರಿಯ ಮೂರು ಕ್ಲಿಪ್ಪೂ ಗಟ್ಟಿಯಾಗಿ ಕೂತಿದ್ದವು. ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದೆ. ಗ್ಲೌಸ್ ಹಾಕಿರಲಿಲ್ಲ.

ಭಾವಮೈದ ಒಂದು ಹಾಳೆ ಮುಂದೆ ಮಾಡಿದ. ಎಲ್ಲ ಟೈಪ್ ಆಗಿತ್ತು. ನನ್ನ ಸಹಿ ಒಂದೇ ಬಾಕಿ. ಅದರ ಕೆಳಗೆ ಇನ್ನೊಂದು ಹಾಳೆ, ನನ್ನ ಕೆಲಸದ ಆರ್ಡರು.

"ಹಾಕವ್ವ," ಎಂದ ಮೂರ್ತಪ್ಪ.

ಹಾಳೆ ಓದಿದೆ. ಪೆನ್ನು ಕೆಳಗಿಟ್ಟೆ. ಗೌಡ್ರೆ ಎನ್ನುವುದು ಬಾಯಿಗೆ ಬರಲಿಲ್ಲ.

"ಮೂರ್ತಪ್ಪನೋರೆ, ನಾನು ಹಾಕಲ್ಲ."

"ಯಾಕೆ?"

"ಸುಳ್ಳು ಅದು. ಕ್ಲಿಪ್ಪು ಮೂರೂ ಅವೆ. ಬೋಲ್ಟು ಬಿಗಿಯಾಗವೆ. ಮಾಡಿದೋರು ಸರಿಯಾಗೇ ಮಾಡವ್ರೆ." ಇನ್ಸ್‌ಪೆಕ್ಟರ್ ಕಡೆ ತಿರುಗಿದೆ. "ಸಾರ್, ಇದಕ್ಕೆ ಗಂಜಲ ಹೊಯ್ದವ್ರೆ. ನನ್ ಕಣ್ಣಾರೆ ನೋಡಿದೀನಿ. ಬ್ಯಾಡ ಅಂತ ಕೂಗಿದೀನಿ. ಕೈಗೆ ಪೆಟ್ಟಾಗಿ ನಮ್ಮವ್ವ ಈ ಸೀಟಿನ ಮ್ಯಾಲೆ ಕುಂತಿದ್ಲು. ಆ ಮೈಲಿಗೆ ತೊಳೆಯೋಕೆ ಹೊಯ್ದವ್ರೆ."

ಇನ್ಸ್‌ಪೆಕ್ಟರ್ ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. "ಹೌದಾ ಸಾರ್?" ಎಂದು ಮೂರ್ತಪ್ಪನನ್ನು ಕೇಳಿದರು.

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎನ್ನುತ್ತಿದ್ದರು. ಮೂರ್ತಪ್ಪ ಹಾಗೆ ಹೇಳಬೇಕಾದರೆ ತಾನು ತಪ್ಪು ಮಾಡಿದ್ದೇನೆ ಎಂದು ಮೊದಲು ಅನ್ನಿಸಬೇಕಲ್ಲ. ಅವನಿಗೆ ಅನ್ನಿಸಲೇ ಇಲ್ಲ. ಎದ್ದು ನಿಂತ.

"ಹೌದು, ಹೊಯ್ದೆ! ಏನೀಗ? ನನ್ ಗಾಡಿ. ಮಾದಿಗ್ರ ಹೆಂಗ್ಸು ಕುಂತಿದ್ಲು, ಶುದ್ಧಿ ಮಾಡ್ಸಿದೀನಿ. ನಮ್ಮಪ್ಪನ ಕಾಲ್ದಿಂದ ಮಾಡ್ಕಂಡ್ ಬಂದೀವಿ. ಇಷ್ಟು ದುಡ್ಡು ಇಸ್ಕಂಡು ಗಂಜಲಕ್ಕೆ ಕೆಡೋ ಗಾಡಿ ಯಾಕ್ರೀ ಮಾಡ್ತೀರ? ಅದನ್ನ ಬರ್ಕಳ್ರಿ!"

"ಬರೆದುಕೊಳ್ಳುತ್ತೇನೆ ಸಾರ್," ಎಂದರು ಇನ್ಸ್‌ಪೆಕ್ಟರು. ಹೇಳಿದ್ದನ್ನು ಹೇಳಿದ ಹಾಗೆಯೇ ಟೈಪ್ ಮಾಡಿದರು. ಒಂದು ಅಕ್ಷರ ಬಿಡಲಿಲ್ಲ. ಪ್ರಿಂಟ್ ತೆಗೆದರು. "ಗ್ರಾಹಕರ ಹೇಳಿಕೆ. ಇಲ್ಲಿ ಸಹಿ ಮಾಡಿ."

ಕಂಪನಿಗೆ ದೂರು ಕೊಡುತ್ತಿದ್ದೇನೆ ಎಂಬ ಗತ್ತಿನಲ್ಲಿ ಮೂರ್ತಪ್ಪ ಸಹಿ ಹಾಕಿದ. ದೊಡ್ಡ ಸಹಿ. ಕೆಳಗೆ ಎರಡು ಗೀಟು ಬೇರೆ. ಸಾಕ್ಷಿ ಎಂದಿದ್ದ ಕಡೆ ನಾನು ನನ್ನ ಸಹಿ ಹಾಕಿದೆ. ತಂದೆಯ ಹೆಸರು ಕೇಳಿದ್ದರು, ತಾಯಿಯ ಹೆಸರು ಬರೆದೆ.

"ನಂಗೊಂದು ಜೆರಾಕ್ಸ್ ಬೇಕು," ಎಂದೆ.

ಯಾರೂ ಅಲುಗಾಡುವ ಮೊದಲು ಹನುಮೇಶ್ ಗ್ರೀಸಿನ ಕೈ ಒರೆಸಿಕೊಂಡು, ಹಾಳೆ ಎತ್ತಿಕೊಂಡು ಒಳಗೆ ಹೋದ. ಎರಡು ಪ್ರತಿ ತಂದ. ಎರಡನ್ನೂ ನನ್ನ ಕೈಗೇ ಕೊಟ್ಟ. ನಾಳೆ ಅವನ ಕೆಲಸವೂ ಹೋಗಬಹುದು. ಅವನ ಮುಖದಲ್ಲಿ ಆ ಯೋಚನೆಯೇ ಕಾಣಲಿಲ್ಲ.

ಆಗ ಭಾವಮೈದ ಮೂರ್ತಪ್ಪನ ಕಿವಿಯಲ್ಲಿ ಏನೋ ಹೇಳಿದ. ಅಟ್ರಾಸಿಟಿ ಕೇಸು ಎಂದದ್ದಷ್ಟು ನನಗೂ ಕೇಳಿಸಿತು. ಮೂರ್ತಪ್ಪನ ಮುಖದಿಂದ ರಕ್ತ ಇಳಿಯಿತು. ಆ ಮನುಷ್ಯನಿಗೂ ರಕ್ತ ಇದೆ ಎಂದು ನನಗೆ ಗೊತ್ತಾದದ್ದು ಆವಾಗಲೇ.

ನಾನು ಹೊರಟೆ. ಕೆಲಸದ ಆರ್ಡರು ಅಲ್ಲೇ ಟೇಬಲ್ಲಿನ ಮೇಲಿತ್ತು. ನೋಡಬಾರದು ಎಂದುಕೊಂಡರೂ ಒಂದು ಸಲ ನೋಡಿದೆ. ಆ ಕೆಲಸ ನನಗೆ ಗೊತ್ತಿದ್ದ ಕೆಲಸ. ಆ ಶೆಡ್ಡಿನಲ್ಲಿ ನಿಂತ ಯಾವನಿಗಿಂತಲೂ ನಾನು ಅದನ್ನು ಚೆನ್ನಾಗಿ ಮಾಡುತ್ತಿದ್ದೆ.

ಎಸ್ಪಿ ಆಫೀಸಿಗೆ ಯಾವ ಕಡೆ ಎಂದು ಗೇಟಿನ ವಾಚ್‌ಮನ್ನನ್ನು ಕೇಳುತ್ತಿದ್ದೆ. ಹಿಂದಿನಿಂದ ಬೊಲೆರೊ ಬಂದು ಪಕ್ಕದಲ್ಲಿ ನಿಂತಿತು. ಮೂರ್ತಪ್ಪ ಇಳಿದ. ಬಿಸಿಲಿಗೆ ಬೆವರುತ್ತ, ಸುತ್ತಿ ಬಂದು, ಮುಂದಿನ ಬಾಗಿಲನ್ನು ತನ್ನ ಕೈಯಿಂದಲೇ ತೆಗೆದ.

"ಬಾರವ್ವ ತಾಯಿ. ಕುಂತ್ಕ. ಊರಿಗೆ ಹೋಗಾಣ. ಮಾತಾಡಾಣ. ನಿಮ್ಮವ್ವನ ಕೈಗೆ ಏನ್ ಬೇಕೋ ನಾನೇ ನೋಡ್ಕಂತೀನಿ. ಇಂಥ ಬಿಸ್ಲಾಗೆ ಎಲ್ ನಡ್ಕಂಡ್ ಹೋಗ್ತೀಯ? ಹತ್ತವ್ವ, ಕುಂತ್ಕ."

ತೆರೆದ ಬಾಗಿಲು. ಹೊಸ ಕವರಿನ ಸೀಟು. ಇಪ್ಪತ್ತೆರಡು ವರ್ಷದಲ್ಲಿ ನಮ್ಮವ್ವನಿಗೆ ಒಂದು ಚಾಪೆ ಕೊಡದವನು ಬಾಗಿಲು ಹಿಡಿದು ನಿಂತಿದ್ದ.

"ಬ್ಯಾಡ ಮೂರ್ತಪ್ಪನೋರೆ," ಎಂದೆ. "ನಾನು ಕುಂತ್ರೆ ಇದಕ್ಕೂ ಗಂಜಲ ಹೊಯ್ಬೇಕಾಗುತ್ತೆ. ಈಗ ನಿಮ್ ಕೊಟ್ಟಿಗೇಲಿ ಬಳ್ದು ಕೊಡೋರೂ ಇಲ್ಲ."

ಅವನು ಬಾಗಿಲು ಹಿಡಿದುಕೊಂಡೇ ನಿಂತಿದ್ದ. ನಾನು ವಾಚ್‌ಮನ್ ತೋರಿಸಿದ ಕಡೆ ನಡೆದೆ.